ಸನ್ಯಾಸಿ ಏಡಿಯ ಮನೆ

ಸಹಜೀವನದ ಪಾಠ ಹೇಳುವಾಗ ಕಪ್ಪುಹಲಗೆಯ ಮೇಲೆ ನಾನು ಬರೆಯುತ್ತಿದ್ದ ಸನ್ಯಾಸಿ ಏಡಿಯ ಚಿತ್ರ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದು ಕಡಲಿನೊಳಗಿನ ಏಡಿ. ಅದರ ದಾಯಾದಿಯಾದ ನೆಲದ ಸನ್ಯಾಸಿ ಏಡಿಯನ್ನು ನಾನು ಜೀವಂತವಾಗಿ ಕಂಡದ್ದು ನಿವೃತ್ತನಾದ ಮೇಲೆ, ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ.

ಮೊಮ್ಮಗಳು ಕಡಲತೀರದ ಅಂಗಡಿಯೊಂದರಿಂದ ಎರಡನ್ನು ತಂದಿದ್ದಳು. ಒಂದರ ಶಂಖದ ಮೇಲೆ ಫುಟ್‌ಬಾಲಿನ ಚಿತ್ರ, ಇನ್ನೊಂದರ ಮೇಲೆ ನಗುವ ಮುಖ. ಗಾಜಿನ ತೊಟ್ಟಿಯ ತಳದಲ್ಲಿ ಬಣ್ಣದ ಹರಳು, ಮೂಲೆಯಲ್ಲಿ ಪ್ಲಾಸ್ಟಿಕ್ ಮರ, ನಡುವೆ ಪುಟ್ಟ ಕೋಟೆ. ನಮ್ಮ ದಸರಾ ಗೊಂಬೆಗಳ ಸಂಭ್ರಮವೇ ನೆನಪಾಯಿತು. ಆದರೆ ಗೊಂಬೆಗಳು ಉಸಿರಾಡುವುದಿಲ್ಲವಲ್ಲ!

ಈ ಏಡಿ ನೆಲದ ಮೇಲಿದ್ದರೂ ಕಿವಿರುಗಳಿಂದಲೇ ಉಸಿರಾಡುತ್ತದೆ; ಅವು ಒಣಗಿದರೆ ನಿಧಾನವಾಗಿ ಉಸಿರುಕಟ್ಟಿ ಸಾಯುತ್ತದೆ. ತೊಟ್ಟಿಯ ಗಾಳಿಯಲ್ಲಿ ಶೇಕಡಾ 80ರಷ್ಟಾದರೂ ಆರ್ದ್ರತೆ ಬೇಕು. ಸಿಹಿನೀರು, ಉಪ್ಪುನೀರು ಎರಡೂ ಬೇಕು, ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದದ್ದು. ಎಲ್ಲಕ್ಕಿಂತ ಮುಖ್ಯವಾದುದು ಮರಳು. ಪೊರೆ ಕಳಚುವಾಗ ಅದು ವಾರಗಟ್ಟಲೆ ಹೂತುಕೊಂಡಿರುತ್ತದೆ. ಒಂದು ಅಂಗುಲ ಹರಳಿನಲ್ಲಿ ಎಲ್ಲಿ ಅಡಗೀತು? ಆರು ಅಂಗುಲಕ್ಕೆ ಕಡಿಮೆಯಿಲ್ಲದ ಒದ್ದೆ ಮರಳು ಬೇಕು. ಸನ್ಯಾಸಿಯೆಂದು ಹೆಸರಿಟ್ಟವರು ಯಾರೋ! ಗೃಹಸ್ಥನಿಗಿಂತ ಹೆಚ್ಚಾಗಿ ಮನೆಗಾಗಿ ಹಂಬಲಿಸುವ, ಗುಂಪಿನಲ್ಲಿ ಬಾಳುವ ಜೀವಿ ಇದು.

ನನ್ನನ್ನು ಕೇಳಿದರೆ ಇವುಗಳ ಮಾರಾಟವೇ ಸಲ್ಲದು. ಮರಿಗಳು ಕಡಲಿನಲ್ಲೇ ಬೆಳೆಯಬೇಕಾದುದರಿಂದ ಅಂಗಡಿಗೆ ಬರುವವು ಬಹುಪಾಲು ಬೆಚ್ಚನೆಯ ತೀರಗಳಿಂದ ಹಿಡಿದು ತಂದವೇ. ಮೂವತ್ತು ವರ್ಷ ಬಾಳಬಲ್ಲ ಜೀವ ಎಷ್ಟೋ ಮನೆಗಳಲ್ಲಿ ಒಂದು ವರ್ಷ ಕಾಣುವುದಿಲ್ಲ. ಹಾಗೆಂದು ನ್ಯೂಜೆರ್ಸಿಯ ಚಳಿಯಲ್ಲಿ ಬಿಟ್ಟುಬಿಡುವಂತೆಯೂ ಇರಲಿಲ್ಲ.

ಆದ್ದರಿಂದ ತೊಟ್ಟಿಯನ್ನು ಹೊಸದಾಗಿ ಅಣಿಗೊಳಿಸಿದೆವು. ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿದೆವು. ಹತ್ತಲು ಮರದ ಕೊಂಬೆ, ಅಡಗಲು ತೆಂಗಿನ ಕರಟ, ಬದಲಿಸಿಕೊಳ್ಳಲು ಬಣ್ಣವಿಲ್ಲದ ಏಳೆಂಟು ಖಾಲಿ ಶಂಖಗಳನ್ನು ಇಟ್ಟೆವು. ಮೇಲೆ ಗಾಜಿನ ಮುಚ್ಚಳ.

"ಚೆನ್ನಾಗಿಲ್ಲ ತಾತ, ಬರೀ ಮಣ್ಣು," ಎಂದಳು ಮೊಮ್ಮಗಳು.

ವಾರದೊಳಗೆ ಒಂದು ಏಡಿ ಮರಳಿನೊಳಗೆ ಮಾಯವಾಯಿತು. ಅಗೆದು ನೋಡೋಣವೆಂದು ಅವಳು ದಿನವೂ ಗೋಗರೆಯುತ್ತಿದ್ದಳು. ಪೊರೆ ಬಿಟ್ಟ ಮೆತ್ತನೆಯ ಮೈಗೆ ಅಗೆತವೇ ಮರಣವಾದೀತೆಂದು ನಾನು ಬಿಡಲಿಲ್ಲ. ಒಳಗೊಳಗೆ, ಸತ್ತೇ ಹೋಗಿದ್ದರೆ ಎಂಬ ಅಳುಕು ನನಗೂ ಇತ್ತು.

ಆರನೆಯ ವಾರ ಅವಳೇ ಕೂಗಿ ಕರೆದಳು. ಕಂದು ಬಣ್ಣದ ಸಾದಾ ಶಂಖವೊಂದು ಕೊಂಬೆಯ ಮೇಲೆ ಹತ್ತುತ್ತಿತ್ತು. ನಗುವ ಮುಖದ ಶಂಖ ಮರಳಿನ ಮೇಲೆ ಖಾಲಿ ಬಿದ್ದಿತ್ತು.