ತುಂಟನೂ ಅಲ್ಲ, ಸೋಮಾರಿಯೂ ಅಲ್ಲ

"ತಾಯಿ ಮುದ್ದು ಮಾಡಿ ಕೆಡಿಸಿದಳು..." ಶಂಕಗಿರಿ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೂತಲ್ಲಿ ಕೂರದ, ಹೇಳಿದ್ದನ್ನು ಅರೆಗಳಿಗೆಯಲ್ಲಿ ಮರೆಯುವ ಮಕ್ಕಳೆಲ್ಲ ತುಂಟರಲ್ಲ. ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸೇರಿದ್ದು, ಮುದ್ದಿನಿಂದ ಬರುವುದಲ್ಲ. ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯಬಾರದು ಎಂದಿತು. ಆದರೂ ನಮ್ಮ ಕೈ ಬೆತ್ತ ಹುಡುಕುತ್ತದೆ!

ಇದು ವಂಶದಲ್ಲಿ ಹರಿದು ಬರುವುದೇ ಹೆಚ್ಚು. ಲಾರಿ ಓಡಿಸುವ ಅಪ್ಪನಿಗೂ ಇರಬಹುದು. ಆಗ ಇಬ್ಬರ ಮರೆವನ್ನೂ ಹೊರುವವಳು ತಾಯಿ. ಅವಳಿಗೆ ಬೇಕಾದದ್ದು ಬುದ್ಧಿವಾದವಲ್ಲ, ಸಂಜೆ ಒಂದು ಗಂಟೆ ಮಗುವನ್ನು ನೋಡಿಕೊಳ್ಳುವ ಇನ್ನೊಂದು ಜೋಡಿ ಕೈ.

ನಾವೇನು ಮಾಡಬಹುದು? ಒಂದು ಸಲಕ್ಕೆ ಒಂದೇ ಕೆಲಸ ಹೇಳೋಣ. ಹತ್ತು ನಿಮಿಷ ಓದು, ಆಮೇಲೆ ಓಟ. ಮಾಡಿದ್ದನ್ನು ಆಗಲೇ ಮೆಚ್ಚೋಣ. ಎಳೆ ಕಡಿದರೆ ನಮ್ಮ ನೇಕಾರರು ಮಗ್ಗಕ್ಕೆ ಹೊಡೆಯುವುದಿಲ್ಲ, ಗಂಟು ಹಾಕುತ್ತಾರೆ.

ಮನೋವೈದ್ಯರ ಹತ್ತಿರ ಹೋದರೆ 'ಹುಚ್ಚು' ಅಂತ ಅರ್ಥವಲ್ಲ. ಮಗು ಶಾಲೆಯಲ್ಲಿ ಹೇಗಿದೆ ಅಂತ ಅವರು ಕೇಳಿಯೇ ಕೇಳುತ್ತಾರೆ. ಅದನ್ನು ದೂರಿನಂತಲ್ಲ, ಕಂಡದ್ದನ್ನು ಕಂಡಂತೆ ಬರೆದುಕೊಡುವುದು ಮೇಷ್ಟ್ರುಗಳಾದ ನಮ್ಮ ಕೆಲಸ. ಅಷ್ಟಾದರೂ ಮಾಡೋಣ, ಏನಂತೀರಿ?