ಕ್ಯಾಮರಾದ ನೆನಪು ಎಷ್ಟು ದಿನದ್ದು?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ಬೆಳೆಗಾರರ ಮನೆಗಳಲ್ಲಿ ಸಿಸಿ ಕ್ಯಾಮರಾ ಇಂದು ಅಪರೂಪದ ವಸ್ತುವಲ್ಲ. ಅದಕ್ಕೆ ಕಾರಣವೂ ಉಂಟು. ಕೊಯ್ದ ಅಡಿಕೆ ಸುಮಾರು 40 ದಿನ ಅಂಗಳದಲ್ಲಿ ಒಣಗಬೇಕು. ಸುಲಿದ ಮೇಲೆ ಗೋಣಿಚೀಲ ಸೇರಿ, ಒಳ್ಳೆಯ ಧಾರಣೆ ಬರುವ ತನಕ ತಿಂಗಳುಗಟ್ಟಲೆ ಕಾಯಬೇಕು. ಒಂದು ವರ್ಷದ ದುಡಿಮೆಯೆಲ್ಲ ಒಂದು ಕೋಣೆಯಲ್ಲಿ ಕುಳಿತಿರುವಾಗ, ಅದಕ್ಕೊಬ್ಬ ನಿದ್ರಿಸದ ಕಾವಲುಗಾರನಿರಲಿ ಎಂದು ಬಯಸುವುದು ಸಹಜವೇ.

ಆದರೆ ಈ ಕಾವಲುಗಾರನ ಒಂದು ಸ್ವಭಾವವನ್ನು ನಾವು ತಿಳಿದಿರಬೇಕು. ಮೂರು ತಿಂಗಳ ಬಳಿಕ ಚೀಲಗಳನ್ನು ಎಣಿಸಿದಾಗ ಎರಡು ಕಡಮೆ ಕಂಡವೆಂದು ಭಾವಿಸಿರಿ. ಯಜಮಾನನು ರೆಕಾರ್ಡರಿನ ಬಳಿಗೆ ಧಾವಿಸುತ್ತಾನೆ. ಅಲ್ಲಿರುವುದು ಕಳೆದ ಹನ್ನೊಂದು ದಿನಗಳ ಚಿತ್ರ ಮಾತ್ರ! ಕ್ಯಾಮರಾ ಕಳ್ಳನನ್ನು ಕಂಡಿತ್ತು; ರೆಕಾರ್ಡರು ಅವನನ್ನು ಮರೆತಿತ್ತು. ಹಾರ್ಡ್ ಡಿಸ್ಕ್ ತುಂಬಿದೊಡನೆ ಅತ್ಯಂತ ಹಳೆಯ ಚಿತ್ರವನ್ನು ಅಳಿಸಿ ಅದರ ಸ್ಥಾನದಲ್ಲಿ ಹೊಸದನ್ನು ಬರೆಯುವುದು ಸಾಮಾನ್ಯವಾಗಿ ಈ ಯಂತ್ರದ ಕ್ರಮ. ಇದು ಅದರ ದೋಷವಲ್ಲ. ಲೆಕ್ಕ ಹಾಕದಿದ್ದುದು ನಮ್ಮ ದೋಷ.

ಆ ಲೆಕ್ಕವಾದರೂ ಹೈಸ್ಕೂಲಿನ ಗಣಿತಕ್ಕೆ ಮೀರಿದುದಲ್ಲ. ಒಂದು ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್‌ನಷ್ಟು ಮಾಹಿತಿಯನ್ನು ಕಳುಹಿಸುತ್ತದೆನ್ನೋಣ. ದಿನಕ್ಕೆ 86,400 ಸೆಕೆಂಡುಗಳು. 8 ಬಿಟ್‌ಗಳಿಗೆ ಒಂದು ಬೈಟ್. ಗುಣಿಸಿ ಭಾಗಿಸಿದರೆ ದಿನಕ್ಕೆ 21.6 ಗಿಗಾಬೈಟ್ ಆಯಿತು. ನಾಲ್ಕು ಕ್ಯಾಮರಾಗಳಿಗೆ 86.4. ಒಂದು ಟೆರಾಬೈಟ್, ಅಂದರೆ 1,000 ಗಿಗಾಬೈಟ್‌ಗಳ ಡಿಸ್ಕ್ ಹನ್ನೊಂದೂವರೆ ದಿನದಲ್ಲಿ ತುಂಬಿತು!

ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಮಾಡಿದರೆ ಅವಧಿ ಹೆಚ್ಚುವುದು ನಿಜ. ಆದರೆ ನಮ್ಮ ಮಳೆಗಾಲವನ್ನು ಮರೆಯಬಾರದು. ಸುರಿಯುವ ಮಳೆ, ತೂಗುವ ಕಂಗು, ಮಸೂರದ ಮುಂದೆ ಬಲೆ ನೇಯುವ ಜೇಡ, ಇವೆಲ್ಲವೂ ಯಂತ್ರಕ್ಕೆ ಚಲನೆಯಾಗಿಯೇ ತೋರಬಹುದು. ಜನವರಿಯಲ್ಲಿ ಮಾಡಿದ ಲೆಕ್ಕ ಜುಲೈಯಲ್ಲಿ ನಿಲ್ಲದು.

ಹಾಗಾದರೆ ಎಷ್ಟು ದಿನ ಇಡಬೇಕು? ಹೆಚ್ಚು ಜನ ಸೇರುವ ಸಂಸ್ಥೆಗಳು 30 ದಿನಗಳ ಚಿತ್ರವನ್ನು ಉಳಿಸಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ವಿಧಿಸಿದೆ. ಪೋಲೀಸು ಠಾಣೆಗಳಿಗೆ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದ್ದು 18 ತಿಂಗಳು. ಉದ್ದೇಶ ಬೇರೆಯಾದಂತೆ ಅವಧಿಯೂ ಬೇರೆ. ನಮ್ಮ ಅಡಿಕೆಯ ಕೋಣೆಗೆ ಅವಧಿಯನ್ನು ನಾವೇ ಗೊತ್ತುಪಡಿಸಿಕೊಳ್ಳಬೇಕು. ಅದಕ್ಕೆ ನನ್ನ ಸೂತ್ರ ಇಷ್ಟೆ: ನಷ್ಟವು ನಮ್ಮ ಗಮನಕ್ಕೆ ಬರಲು ತಗಲುವ ಕಾಲಕ್ಕಿಂತ ಯಂತ್ರದ ನೆನಪು ದೀರ್ಘವಾಗಿರಬೇಕು.

ಇದನ್ನು ಎರಡು ವಿಧದಿಂದ ಸಾಧಿಸಬಹುದು. ದೊಡ್ಡ ಡಿಸ್ಕ್ ಕೊಳ್ಳುವುದು ಒಂದು. ಚಿತ್ರದ ಸೂಕ್ಷ್ಮತೆಯನ್ನು ಬಹಳ ತಗ್ಗಿಸಿ ದಿನಗಳನ್ನು ಗಳಿಸುವುದು ಮಾತ್ರ ಸಲ್ಲದು. ಗುರುತು ಹತ್ತದ ಮುಖವನ್ನು ತಿಂಗಳುಗಟ್ಟಲೆ ಕಾಪಾಡಿ ಫಲವೇನು? ಎರಡನೆಯದು, ಚೀಲಗಳನ್ನು ವಾರಕ್ಕೊಮ್ಮೆ ಎಣಿಸುವುದು. ನಾನು ಎರಡನೆಯದರ ಪಕ್ಷದವನು. ಅದಕ್ಕೆ ಕಾಸಿನ ಖರ್ಚಿಲ್ಲ. ಹನ್ನೊಂದು ದಿನದ ನೆನಪೂ ಆಗ ಸಾಕಾಗುತ್ತದೆ. ನಷ್ಟ ಕಂಡೊಡನೆ ಆ ಹೊತ್ತಿನ ಚಿತ್ರವನ್ನು ಬೇರೆಡೆಗೆ ನಕಲು ಮಾಡಿಡಬೇಕು. ಯಂತ್ರದ ಗಡಿಯಾರ ಸರಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ತಪ್ಪು ತಾರೀಕಿನ ಸಾಕ್ಷ್ಯ ಸಂಶಯಕ್ಕೆ ಎಡೆಗೊಡುತ್ತದೆ.

“ವರ್ಷಗಟ್ಟಲೆ ಇಟ್ಟರೆ ಇನ್ನೂ ಒಳ್ಳೆಯದಲ್ಲವೇ?” ಎಂದು ಕೆಲವರು ಕೇಳಿಯಾರು. ನನಗೆ ಹಾಗೆ ತೋರದು. ಕ್ಯಾಮರಾ ಕಳ್ಳನನ್ನಷ್ಟೇ ಕಾಣುವುದಿಲ್ಲ. ಅಡಿಕೆ ಸುಲಿಯಲು ಬಂದವರನ್ನು, ನೆರೆಮನೆಯವರನ್ನು, ದಾರಿಹೋಕರನ್ನು ಕೂಡ ಕಾಣುತ್ತದೆ. ಅವರ ನಿತ್ಯದ ಓಡಾಟವನ್ನು ಕಾರಣವಿಲ್ಲದೆ ಕೂಡಿಡುವ ಹಕ್ಕು ನಮಗೆಲ್ಲಿದೆ? ಕೆಲಸ ತೀರಿದ ಮೇಲೆ ಮರೆಯುವುದು ಈ ಯಂತ್ರದ ಒಂದು ಸದ್ಗುಣವೇ ಸರಿ.

ವಿದ್ಯಾರ್ಥಿ ಮಿತ್ರರೇ, ಇಂದು ಸಂಜೆ ನಿಮ್ಮ ಮನೆಯ ರೆಕಾರ್ಡರಿನಲ್ಲಿ ಅತ್ಯಂತ ಹಳೆಯ ಚಿತ್ರ ಯಾವ ದಿನದ್ದೆಂದು ನೋಡಿರಿ. ಬಳಿಕ ಅಡಿಕೆಯ ಚೀಲಗಳನ್ನು ಕಡೆಯ ಬಾರಿ ಎಣಿಸಿದ್ದು ಎಂದೆಂದು ಹಿರಿಯರನ್ನು ಕೇಳಿರಿ. ಎರಡನೆಯ ದಿನ ಮೊದಲನೆಯದಕ್ಕಿಂತ ಹಿಂದಿನದಾಗಿದ್ದರೆ, ನಡುವಣ ದಿನಗಳಿಗೆ ನಿಮ್ಮ ಮನೆಯಲ್ಲಿ ಕಾವಲೇ ಇರಲಿಲ್ಲವೆಂದು ತಿಳಿಯಿರಿ.