ಹಸನಬ್ಬನಾದ ದತ್ತಣ್ಣ

ಇಷ್ಟದ ನಟ ಯಾರು ಎಂದು ನಮ್ಮ ತರಗತಿಯಲ್ಲಿ ಕೇಳಿದರೆ ಬರುವುದೆಲ್ಲ ಹೀರೊಗಳ ಹೆಸರೇ. ನಾನು ಎಚ್.ಜಿ. ದತ್ತಾತ್ರೇಯ ಎಂದರೆ ‘ಅದ್ಯಾರು?’ ಅನ್ನುತ್ತಾರೆ. ‘ಮಿಷನ್ ಮಂಗಲ್’ ಹಿಂದಿ ಚಿತ್ರದಲ್ಲಿ ವಿದ್ಯಾ ಬಾಲನ್ ತಂಡದಲ್ಲಿದ್ದ ವಯಸ್ಸಾದ ಇಂಜಿನಿಯರ್ ಎಂದು ವಿವರಿಸಿದರೆ ‘ಓ, ಆ ತಾತನಾ!’ ಎಂದು ನೆನಪಾಗುತ್ತದೆ. 2019ರಲ್ಲಿ ಆ ಚಿತ್ರ ಬಂದಾಗ ಅವರಿಗೆ 77 ವರ್ಷ. ಕನ್ನಡದವರು ಅವರನ್ನು ಪ್ರೀತಿಯಿಂದ ದತ್ತಣ್ಣ ಎನ್ನುತ್ತಾರೆ. ನಮ್ಮಂಥ ಉರ್ದು ಮನೆಮಾತಿನವರು ಅವರನ್ನು ಗಮನಿಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವಿದೆ.

ದತ್ತಣ್ಣ ಹುಟ್ಟಿದ್ದು ಚಿತ್ರದುರ್ಗದಲ್ಲಿ, 1942ರಲ್ಲಿ. ಓದಿದ್ದು ಇಂಜಿನಿಯರಿಂಗ್. ಭಾರತೀಯ ವಾಯುಪಡೆಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಸಿನಿಮಾಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ. ಆಮೇಲೆ ದೂರದರ್ಶನದ ‘ಮಾಯಾಮೃಗ’ದಂಥ ಧಾರಾವಾಹಿ, ಕಲಾತ್ಮಕ ಚಿತ್ರ, ವ್ಯಾಪಾರಿ ಚಿತ್ರ ಹೀಗೆ ಎಲ್ಲದರಲ್ಲೂ ಇದ್ದಾರೆ. ಹೀರೊ ಆಗಬೇಕಾದ ವಯಸ್ಸಿನಲ್ಲಿ ಅವರು ಸಿನಿಮಾದಲ್ಲೇ ಇರಲಿಲ್ಲ. ಪಿಯುಸಿಯಲ್ಲಿ ಆರಿಸಿದ ವಿಷಯವೇ ಜೀವನದ ಕೊನೆಯ ತೀರ್ಮಾನ ಎಂದು ಹೆದರುವ ನಮಗೆ ಇದೊಂದೇ ಸಂಗತಿ ಸಾಕಷ್ಟು ಧೈರ್ಯ ಕೊಡುತ್ತದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅವರ ಒಂದು ಪಾತ್ರದ ಬಗ್ಗೆ. 2000ದಲ್ಲಿ ಬಂದ ‘ಮುನ್ನುಡಿ’ ಪಿ. ಶೇಷಾದ್ರಿಯವರ ಮೊದಲ ಚಿತ್ರ. ಬೊಳುವಾರು ಮಹಮದ್ ಕುಂಞಿ ಅವರ ಕಥೆ ಅದಕ್ಕೆ ಆಧಾರ. ವ್ಯಾಪಾರಕ್ಕೆ ಬರುವ ಅರಬರು ಕರಾವಳಿಯ ಬಡ ಮುಸ್ಲಿಂ ಹುಡುಗಿಯರನ್ನು ಮದುವೆಯಾಗಿ ಬಿಟ್ಟುಹೋಗುವುದು ಅದರ ವಿಷಯ. ತಾರಾ ಮುಖ್ಯ ಪಾತ್ರದಲ್ಲಿದ್ದಾರೆ. ದತ್ತಣ್ಣ ಹಸನಬ್ಬ ಆಗಿದ್ದಾರೆ. ಆ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೂ ಸಾಮಾಜಿಕ ವಿಷಯದ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ನಾನು ಅದನ್ನು ನೋಡಿದ್ದು ಮೊಬೈಲಿನಲ್ಲಿ. ಅರ್ಧ ಗಂಟೆ ಕಳೆದರೂ ಒಂದು ಮಾತು ಬರಲಿಲ್ಲವಲ್ಲ ಅನ್ನಿಸಿತು. ಆ ಮಾತು ‘ನಮ್ದುಕೆ, ನಿಮ್ದುಕೆ’. ಕನ್ನಡ ಸಿನಿಮಾದಲ್ಲಿ, ಟಿವಿ ಹಾಸ್ಯದಲ್ಲಿ ಮುಸ್ಲಿಂ ಪಾತ್ರ ಬಂತೆಂದರೆ ಗುಜರಿ ಅಂಗಡಿ, ಕಟುಕನ ಅಂಗಡಿ ಅಥವಾ ಗ್ಯಾರೇಜು, ತಲೆಗೊಂದು ಟೋಪಿ, ಬಾಯಲ್ಲಿ ‘ನಮ್ದುಕೆ’. ಜನ ನಗುತ್ತಾರೆ, ದೃಶ್ಯ ಮುಗಿಯುತ್ತದೆ. ಆ ಪಾತ್ರಕ್ಕೆ ಮನೆ ಇಲ್ಲ, ಚಿಂತೆ ಇಲ್ಲ.

ಆ ನಗು ಪರದೆಯಲ್ಲೇ ನಿಲ್ಲುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಬಾಳೆಹೊನ್ನೂರು ಕಡೆಯ ಬಸ್ಸುಗಳಲ್ಲಿ ಓಡಾಡುವ ನಮ್ಮಲ್ಲಿ ಹಲವರಿಗೆ ಅದು ಗೊತ್ತು. ಒಮ್ಮೆ ಅಂಗಡಿಯೊಂದರಲ್ಲಿ ನಾನು ಸರಿಯಾದ ಕನ್ನಡದಲ್ಲೇ ನೋಟ್ ಪುಸ್ತಕ ಕೇಳಿದೆ. ಹೆಸರು ಕೇಳಿದವರು ಉತ್ತರ ಕೊಟ್ಟದ್ದು ‘ನಿಮ್ದುಕೆ ಎಷ್ಟು ಬೇಕು?’ ಎಂದು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲವೇನೋ. ಸಿನಿಮಾ ಕಲಿಸಿದ್ದನ್ನು ಅವರು ಹೇಳಿದರು. ಆದರೆ ನನ್ನ ತಮ್ಮ ಅಂದಿನಿಂದ ಆ ಅಂಗಡಿಗೆ ಬರಲು ಒಪ್ಪುವುದಿಲ್ಲ.

ಆ ಮಾತಿನ ಹಿಂದೆ ದಡ್ಡತನವೇನೂ ಇಲ್ಲ. ನಮ್ಮ ದಖ್ಖನಿ ಉರ್ದುವಿನಲ್ಲಿ ‘ಹಮಾರೆ ಕೋ’ ಎನ್ನುತ್ತೇವೆ. ಅಂದರೆ ‘ನಮ್ಮದು’ ಎಂಬ ರೂಪಕ್ಕೇ ‘ಗೆ’ ಸೇರಿಸುತ್ತೇವೆ. ಅದೇ ಅಚ್ಚಿನಲ್ಲಿ ಕನ್ನಡ ಆಡಿದರೆ ‘ನಮ್ದುಕೆ’ ಆಗುತ್ತದೆ. ಉರ್ದುವಿನಲ್ಲಿ ‘ಳ’, ‘ಣ’ ಇಲ್ಲ, ಹಾಗಾಗಿ ಅಜ್ಜಿಯರ ಬಾಯಲ್ಲಿ ‘ಬಾಳೆಹಣ್ಣು’ ‘ಬಾಲೆಹನ್ನು’ ಆಗುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದು ಬಂದವರ ಕಾಲಿನ ಧೂಳು ಅದು. ಇಂಗ್ಲಿಷ್ ಮಾತಾಡುವಾಗ ಕನ್ನಡದವರಿಗೂ ಹೀಗೇ ಆಗುತ್ತದೆ.

ಒಂದು ತಮಾಷೆಗೆ ಇಷ್ಟು ಬೇಸರವೇಕೆ ಎಂದು ಕೆಲವರು ಕೇಳಬಹುದು. ಇನ್ನು ಕೆಲವರು ‘ಮುನ್ನುಡಿಯೂ ಮುಸ್ಲಿಮರ ತಪ್ಪನ್ನೇ ತೋರಿಸುವ ಚಿತ್ರವಲ್ಲವೇ?’ ಎನ್ನಬಹುದು. ಹೌದು, ತೋರಿಸುತ್ತದೆ, ಕಠಿಣವಾಗಿಯೇ ತೋರಿಸುತ್ತದೆ. ಆ ಕಥೆ ಬರೆದವರೂ ನಮ್ಮವರೇ. ಆದರೆ ಟೀಕೆ ಬೇರೆ, ಅಪಹಾಸ್ಯ ಬೇರೆ. ಟೀಕೆ ಮಾಡುವವನು ಎದುರಿಗಿರುವವನನ್ನು ಮನುಷ್ಯ ಎಂದು ಒಪ್ಪಿಕೊಂಡೇ ತಪ್ಪು ಕೇಳುತ್ತಾನೆ. ಅಪಹಾಸ್ಯ ಮಾಡುವವನಿಗೆ ಅವನು ಬೇಡ, ಅವನ ಟೋಪಿ ಸಾಕು. ‘ಮುನ್ನುಡಿ’ ಟೀಕೆ. ಅದನ್ನು ನೋಡಿ ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವಮಾನ ಮಾತ್ರ ಆಗಲಿಲ್ಲ.

ಮುಸ್ಲಿಂ ಪಾತ್ರವನ್ನು ಮುಸ್ಲಿಮರೇ ಮಾಡಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ದತ್ತಣ್ಣ ಹಸನಬ್ಬ ಆಗಲು ಬೇಕಿದ್ದದ್ದು ಗಮನ, ಗೌರವ. ಅದೇ ಗಮನದಿಂದ ಅವರು ಬೇರೆಯವರೂ ಆಗಿದ್ದಾರೆ. ಅನಂತಮೂರ್ತಿಯವರ ಕಥೆ ಆಧರಿಸಿದ ‘ಮೌನಿ’ (2003) ಸಾಲಕ್ಕೆ ಸಿಕ್ಕಿದ ಮಲೆನಾಡಿನ ಭಟ್ಟರೊಬ್ಬರ ಕಥೆ. ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕಳೆದುಕೊಂಡ ಶೃಂಗೇರಿ, ಕೊಪ್ಪದ ಮನೆಗಳಿಗೆ ಸಾಲದ ಆ ಮೌನ ಹೊಸದಲ್ಲ. ‘ಭಾರತ್ ಸ್ಟೋರ್ಸ್’ ಚಿತ್ರದಲ್ಲಿ ಅವರು ಗೋವಿಂದ ಶೆಟ್ಟಿ. ಮಾಲ್‌ಗಳು ಬಂದು ಅವರ ದಿನಸಿ ಅಂಗಡಿ ಮುಳುಗುತ್ತದೆ. ಮೊದಲ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಚಿಲ್ಲರೆ ವ್ಯಾಪಾರದ ಪಾಠ ಓದಿ ಅಂಕ ತೆಗೆದವರೆಲ್ಲ ಆ ಚಿತ್ರ ನೋಡಬೇಕು. ಪಾಠದಲ್ಲಿ ಇಲ್ಲದ ಲೆಕ್ಕ ಅಲ್ಲಿದೆ: ಉದ್ರಿ ಪುಸ್ತಕದಲ್ಲಿ ಗಿರಾಕಿಯ ಹೆಸರಿನ ಜೊತೆ ನಂಬಿಕೆಯೂ ಇರುತ್ತದೆ. ನರಸಿಂಹರಾಜಪುರದಲ್ಲಿ ದಿನಸಿ ಅಂಗಡಿ ಇಟ್ಟವರ ಮಕ್ಕಳು ನಮ್ಮ ತರಗತಿಯಲ್ಲೇ ಇದ್ದಾರೆ. ಅವರಲ್ಲಿ ರಫೀಕರೂ ಇದ್ದಾರೆ, ಶೆಟ್ಟರೂ ಇದ್ದಾರೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಸಿನಿಮಾದವರನ್ನು ದೂರುತ್ತ ಕೂತರೆ ಪ್ರಯೋಜನವಿಲ್ಲ. ಕನ್ನಡ ನಮ್ಮದಲ್ಲ ಎಂದು ದೂರ ಸರಿದರಂತೂ ನಷ್ಟ ನಮಗೇ. ಉರ್ದು ಮನೆಮಾತಿನ ಬಾನು ಮುಷ್ತಾಕ್ ಕನ್ನಡದಲ್ಲಿ ಬರೆದ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಿದೆ. ನಮ್ಮ ಮನೆಗಳ ಕಥೆಯನ್ನು ನಾವೇ ಒಳ್ಳೆಯ ಕನ್ನಡದಲ್ಲಿ ಹೇಳಿದರೆ ಕೇಳುವವರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಕಾಲೇಜಿನ ಮಟ್ಟದಲ್ಲಿ ನನ್ನ ಸಲಹೆ ಎರಡು. ಮೊದಲನೆಯದು, ವರ್ಷಕ್ಕೆ ಒಂದು ಶನಿವಾರ ಮಧ್ಯಾಹ್ನ ಪ್ರೊಜೆಕ್ಟರ್ ಇರುವ ಕೊಠಡಿಯಲ್ಲಿ ‘ಮುನ್ನುಡಿ’ ಅಥವಾ ‘ಭಾರತ್ ಸ್ಟೋರ್ಸ್’ ತೋರಿಸಿ ಚರ್ಚೆ ಇಡಲಿ. ‘ಮುನ್ನುಡಿ’ಯ ಚರ್ಚೆಯಲ್ಲಿ ಹುಡುಗಿಯರು ಮೊದಲು ಮಾತಾಡಲಿ. ಎರಡನೆಯದು, ವಾರ್ಷಿಕೋತ್ಸವದ ಕಿರುನಾಟಕದ ಬಗ್ಗೆ. ಪ್ರತಿ ಸಲ ನಾವೇ ‘ನಮ್ದುಕೆ’ ಎಂದು ನಮ್ಮನ್ನೇ ಆಡಿಕೊಂಡು ಚಪ್ಪಾಳೆ ಗಿಟ್ಟಿಸುತ್ತೇವೆ. ಈ ಸಲ ಅದು ಬೇಡ. ನಮ್ಮ ಹುಡುಗನೊಬ್ಬ ಗೋವಿಂದ ಶೆಟ್ಟಿಯಂಥ ಪಾತ್ರ ಮಾಡಲಿ, ಶೃಂಗೇರಿಯ ಗೆಳೆಯನೊಬ್ಬ ಹಸನಬ್ಬನಂಥ ಪಾತ್ರ ಮಾಡಲಿ. ಒಂದು ತಿಂಗಳು ಅಭ್ಯಾಸ ಮಾಡುವಾಗ ಇಬ್ಬರೂ ಪರಸ್ಪರರ ಮನೆಗೆ ಹೋಗಿ, ಅಲ್ಲಿ ಅಜ್ಜ ಹೇಗೆ ಕೂರುತ್ತಾರೆ, ಹೇಗೆ ಮಾತಾಡುತ್ತಾರೆ ಎಂದು ನೋಡಿ ಬರಲಿ. ಒಪ್ಪುವವರು ಕನ್ನಡ ವಿಭಾಗದಲ್ಲಿ ಹೆಸರು ಕೊಡಿ. ನಾನು ಕೊಡುತ್ತಿದ್ದೇನೆ.